ಹಕ್ಕಿ ಹಿಡಿದ ಜೇಡಕ್ಕೆ ಹೆಸರಿಟ್ಟ ಪ್ರಕರಣ

ಈ ಜೇಡಕ್ಕೆ ಹೆಸರು ಬಂದದ್ದು 1758ರಲ್ಲಿ. ಆ ಹೆಸರಿಗೆ ಯಾವ ಜೇಡ ಸೇರುತ್ತದೆ, ಯಾವುದು ಸೇರುವುದಿಲ್ಲ ಎಂಬುದು ಸರಿಯಾಗಿ ಇತ್ಯರ್ಥವಾದದ್ದು 2017ರಲ್ಲಿ. ನಡುವೆ 259 ವರ್ಷ ಕಳೆದಿದ್ದವು. ಅಷ್ಟರಲ್ಲಿ ಅದೇ ಕುಲದ ಹೆಸರಿನಡಿ ಸುಮಾರು ಐವತ್ತು ಪ್ರಭೇದಗಳು ಬಂದು ಕೂತಿದ್ದವು. ಲೆಕ್ಕ ಮುಗಿದಾಗ ಗಟ್ಟಿಯಾಗಿ ನಿಂತದ್ದು ಹನ್ನೆರಡೇ. ಅದರಲ್ಲೂ ಮೂರು ಆಗ ತಾನೇ ಹೊಸದಾಗಿ ಸೇರಿದವು.

ಜೇಡದ ಹೆಸರು ಅವಿಕುಲೇರಿಯಾ ಅವಿಕುಲೇರಿಯಾ. ದಕ್ಷಿಣ ಅಮೆರಿಕದ ಉತ್ತರ ಭಾಗದ ಮಳೆಕಾಡುಗಳಲ್ಲಿ, ಮರದ ಮೇಲೆ ರೇಷ್ಮೆಯ ಕೊಳವೆ ಕಟ್ಟಿಕೊಂಡು ಬದುಕುವ ಟರಾಂಟುಲಾ ಇದು. ದೊಡ್ಡದಾದಾಗ ಮೈಯೆಲ್ಲ ಕಪ್ಪು ರೋಮ, ಕಾಲಿನ ತುದಿ ಮಾತ್ರ ಗುಲಾಬಿ. ಸಾಕುವವರು ಇದನ್ನು ಪಿಂಕ್‌ಟೋ ಎಂದು ಕರೆಯುತ್ತಾರೆ. ಮರಿಯಲ್ಲಿ ಬಣ್ಣ ಸರಿಯಾಗಿ ತಿರುಗುಮುರುಗು: ಕಾಲು ಗುಲಾಬಿ, ತುದಿ ಕಪ್ಪು. ಈ ತಿರುಗುಮುರುಗನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹೊಸ ಜೇಡ ಸಿಕ್ಕಿದೆ ಎಂದರೆ ಎಲ್ಲ ಕಡೆ ಸುದ್ದಿಯಾಗುತ್ತದೆ. ಹಳೇ ಹೆಸರೊಂದನ್ನು ಪಟ್ಟಿಯಿಂದ ತೆಗೆದು ಹಾಕಿದರೆ ಯಾರೂ ತಿರುಗಿ ನೋಡುವುದಿಲ್ಲ. ನನ್ನ ಪ್ರಕಾರ ಈ ಎರಡನೇ ಕೆಲಸವೇ ಕಷ್ಟದ್ದು, ಉಪಯೋಗವೂ ಅದರದ್ದೇ ಜಾಸ್ತಿ. ಅವಿಕುಲೇರಿಯಾ ಪ್ರಕರಣವನ್ನು ಉದ್ದಕ್ಕೆ ಬಿಡಿಸಿ ನೋಡಿದರೆ ಇದು ಯಾಕೆ ಎಂದು ಗೊತ್ತಾಗುತ್ತದೆ.

ಒಂದು ಚಿತ್ರದಿಂದ ಶುರು

ಮಾರಿಯಾ ಸಿಬಿಲ್ಲಾ ಮೇರಿಯನ್ 1647ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಚಿತ್ರಗಾರ್ತಿ. ಹುಳಹುಪ್ಪಟೆಗಳನ್ನು ಸಾಕಿ, ಅವು ಬದಲಾಗುವುದನ್ನು ದಿನಾ ನೋಡಿ ಚಿತ್ರ ಬರೆಯುತ್ತಿದ್ದರು. 1699ರಲ್ಲಿ, ಐವತ್ತು ದಾಟಿದ ಮೇಲೆ, ಕಿರಿಯ ಮಗಳನ್ನು ಜೊತೆಗೆ ಕರೆದುಕೊಂಡು ಹಡಗು ಹತ್ತಿ ಸುರಿನಾಮಿಗೆ ಹೋದರು. ಆಗ ಅದು ಡಚ್ಚರ ವಸಾಹತು. ಕಾಯಿಲೆ ಬಿದ್ದು 1701ರಲ್ಲಿ ವಾಪಸು ಬಂದರು. 1705ರಲ್ಲಿ ಆಮ್‌ಸ್ಟರ್‌ಡ್ಯಾಮಿನಿಂದ ಅವರ ದೊಡ್ಡ ಚಿತ್ರಸಂಪುಟ ಹೊರಬಂತು.

ಅದರ 18ನೇ ಪಟದಲ್ಲಿ ಒಂದು ಸೀಬೆಕೊಂಬೆ ಇದೆ. ಕೊಂಬೆಯ ಮೇಲೆ ಇರುವೆಗಳ ಓಡಾಟ. ಒಂದು ಮೂಲೆಯಲ್ಲಿ ಪುಟ್ಟ ಗೂಡು. ಗೂಡಿನ ಪಕ್ಕದಲ್ಲೇ ರೋಮ ತುಂಬಿದ ದೊಡ್ಡ ಜೇಡವೊಂದು ಹಮ್ಮಿಂಗ್‌ಬರ್ಡನ್ನು ಅಂಗಾತ ಕೆಡವಿ ಹಿಡಿದಿದೆ. ಒಮ್ಮೆ ನೋಡಿದರೆ ಮರೆಯುವ ಚಿತ್ರವಲ್ಲ. ಯುರೋಪಿನ ಓದುಗರ ತಲೆಯಲ್ಲಿ ಅದು ಗಟ್ಟಿಯಾಗಿ ಕೂತುಬಿಟ್ಟಿತು.

ನಂಬದವರೂ ಇದ್ದರು. ಜೇಡ ಹಕ್ಕಿ ತಿನ್ನುವುದೆಲ್ಲ ಕಟ್ಟುಕಥೆ ಎಂದು 19ನೇ ಶತಮಾನದ ಕೆಲವು ವಿದ್ವಾಂಸರು ಮೇರಿಯನ್ ಅವರನ್ನು ಸುಳ್ಳುಗಾತಿಯ ಸಾಲಿಗೆ ಸೇರಿಸಿದರು. 1863ರಲ್ಲಿ ಇಂಗ್ಲೆಂಡಿನ ಹೆನ್ರಿ ವಾಲ್ಟರ್ ಬೇಟ್ಸ್ ಅಮೆಜಾನ್ ಪ್ರವಾಸದ ತಮ್ಮ ಅನುಭವ ಬರೆದಾಗ ಬಾಯಿ ಮುಚ್ಚಿತು. ಕಮೆಟಾ ಎಂಬ ಊರಿನ ಹತ್ತಿರ ಮರದ ಬೊಡ್ಡೆಯ ಸಂದಿನಲ್ಲಿ ಬಲೆ, ಬಲೆಯಲ್ಲಿ ಎರಡು ಚಿಕ್ಕ ಹಕ್ಕಿ. ಒಂದು ಸತ್ತಿತ್ತು. ಇನ್ನೊಂದು ಜೇಡದ ಮೈಯಡಿ ಸಿಕ್ಕಿಕೊಂಡು ಇನ್ನೂ ಉಸಿರಾಡುತ್ತಿತ್ತು. ಅದೇ ಕಡೆ ಮಕ್ಕಳು ಇಂಥದ್ದೇ ಜೇಡದ ಸೊಂಟಕ್ಕೆ ದಾರ ಕಟ್ಟಿ, ನಾಯಿಯನ್ನು ಕರೆದೊಯ್ಯುವಂತೆ ಮನೆಯಲ್ಲಿ ಓಡಾಡಿಸುತ್ತಿದ್ದುದನ್ನೂ ಬೇಟ್ಸ್ ಬರೆದಿದ್ದಾರೆ. ಈ ಎರಡನೇ ಸಂಗತಿ ವರ್ಗೀಕರಣಕ್ಕೆ ಏನೂ ಉಪಯೋಗವಿಲ್ಲ, ಬಿಟ್ಟುಬಿಡಲು ಮನಸ್ಸು ಬರಲಿಲ್ಲ ಅಷ್ಟೇ.

ಆದರೆ ಬೇಟ್ಸ್ ಬರುವುದಕ್ಕೆ ನೂರು ವರ್ಷ ಮೊದಲೇ ಹೆಸರಿನ ಕೆಲಸ ಮುಗಿದಿತ್ತು. 1758ರಲ್ಲಿ ಸ್ವೀಡನ್ನಿನ ಕಾರ್ಲ್ ಲಿನೇಯಸ್ ತಮ್ಮ ಸಿಸ್ಟೆಮಾ ನ್ಯಾಚುರೇ ಗ್ರಂಥದ 10ನೇ ಆವೃತ್ತಿಯಲ್ಲಿ ಈ ಜೇಡವನ್ನು ಅರೇನಿಯಾ ಅವಿಕುಲೇರಿಯಾ ಎಂದು ಕರೆದರು. ಅರೇನಿಯಾ ಎಂದರೆ ಜೇಡ. ಅವರ ಲೆಕ್ಕದಲ್ಲಿ ಜಗತ್ತಿನ ಎಲ್ಲ ಜೇಡಗಳೂ ಆ ಒಂದೇ ಕುಲ. ಅವಿಕುಲೇರಿಯಾದ ಮೂಲ ಪುಟ್ಟ ಹಕ್ಕಿಗೆ ಲ್ಯಾಟಿನ್ನಿನಲ್ಲಿರುವ ಪದ. ವಿವರಣೆ ಬಹಳ ಚಿಕ್ಕದು, ಜೊತೆಗೆ ಆಕರವಾಗಿ ಮೇರಿಯನ್ ಅವರ ಪಟ. ಟರಾಂಟುಲಾಗಳು ಸೇರುವ ಮೈಗಲೊಮಾರ್ಫ್ ಎಂಬ ದೊಡ್ಡ ಗುಂಪಿನಲ್ಲಿ ವೈಜ್ಞಾನಿಕ ಹೆಸರು ಪಡೆದ ಮೊದಲ ಜೇಡ ಇದು.

ಸಮಸ್ಯೆಯ ಬೀಜ ಇಲ್ಲೇ ಬಿದ್ದಿತು. ಹೆಸರು ಹುಟ್ಟಿದ್ದು ಜೇಡದ ನಡವಳಿಕೆಯಿಂದ. ಹಕ್ಕಿ ತಿನ್ನುತ್ತದೆ, ಅಮೆರಿಕದಲ್ಲಿದೆ, ದೊಡ್ಡದು, ರೋಮ ಇದೆ. ಇಷ್ಟು ಗುರುತು ನೂರಾರು ಜಾತಿಯ ಜೇಡಗಳಿಗೆ ಹೊಂದುತ್ತದೆ, ಅಲ್ವಾ? ಅಂಥ ಯಾವ ಜೇಡ ಯುರೋಪಿಗೆ ಬಂದರೂ ಈ ಹೆಸರಿನ ಚೀಟಿ ಅಂಟಿಸುವುದು ಸುಲಭವಾಯಿತು. ಆ ಕಾಲಕ್ಕೆ ಇದು ಲಿನೇಯಸ್ ಮಾಡಿದ ತಪ್ಪೂ ಅಲ್ಲ. ಅವರ ಮುಂದಿದ್ದ ಜೇಡಗಳೇ ಬೆರಳೆಣಿಕೆಯಷ್ಟು. ಅಷ್ಟನ್ನು ಬೇರೆ ಬೇರೆ ಮಾಡಲು ಆ ಸಾಲುಗಳು ಸಾಕಾಗಿದ್ದವು.

ಕುಲದ ಹೆಸರಿನ ಜಗಳ

ಎಲ್ಲ ಜೇಡಗಳೂ ಒಂದೇ ಕುಲ ಎಂಬುದು ಜಾಸ್ತಿ ದಿನ ನಡೆಯಲಿಲ್ಲ. 1802ರಲ್ಲಿ ಫ್ರಾನ್ಸಿನ ಲಾತ್ರೇಯ್ ದೊಡ್ಡ ರೋಮದ ಜೇಡಗಳಿಗೆ ಮೈಗೇಲ್ ಎಂಬ ಕುಲ ಮಾಡಿದರು. ಹೆಸರು ಚೆನ್ನಾಗಿ ಓಡಿತು. ಬೇಟ್ಸ್ ಕೂಡ ತಮ್ಮ ಜೇಡವನ್ನು ಮೈಗೇಲ್ ಎಂದೇ ಕರೆದದ್ದು. ತೊಂದರೆ ಏನೆಂದರೆ, ಎರಡು ವರ್ಷ ಮೊದಲೇ ಕ್ಯುವಿಯೇ ಅದೇ ಹೆಸರನ್ನು ಒಂದು ಸಸ್ತನಿಗೆ ಕೊಟ್ಟಾಗಿತ್ತು. ಪ್ರಾಣಿಲೋಕದಲ್ಲಿ ಒಂದು ಕುಲದ ಹೆಸರು ಒಮ್ಮೆ ಮಾತ್ರ ಬಳಕೆಯಾಗಬೇಕು. ಮೊದಲು ಬಂದವರಿಗೆ ಹಕ್ಕು. ಹಾಗಾಗಿ ಜೇಡದ ಮೈಗೇಲ್ ಬಿದ್ದುಹೋಯಿತು. ಫ್ರೆಂಚ್ ಮಾತಿನಲ್ಲಿ ಮಾತ್ರ ಟರಾಂಟುಲಾಗೆ ಇವತ್ತಿಗೂ ಮಿಗಾಲ್ ಅನ್ನುತ್ತಾರೆ, ಮೈಗಲೊಮಾರ್ಫ್ ಎಂಬ ಗುಂಪಿನ ಹೆಸರಿನಲ್ಲೂ ಅದು ಉಳಿದಿದೆ.

1818ರಲ್ಲಿ ಲಮಾರ್ಕ್ ಅವಿಕುಲೇರಿಯಾ ಎಂಬ ಕುಲ ಕಟ್ಟಿದರು. ಲಿನೇಯಸ್ ಇಟ್ಟ ಪ್ರಭೇದದ ಹೆಸರೇ ಕುಲದ ಹೆಸರೂ ಆಯಿತು. ಹೀಗೆ ಎರಡೂ ಒಂದೇ ಪದವಾಗಿ ಬರುವುದಕ್ಕೆ ಪ್ರಾಣಿಶಾಸ್ತ್ರದಲ್ಲಿ ಅಡ್ಡಿ ಇಲ್ಲ. ಸಸ್ಯಶಾಸ್ತ್ರದಲ್ಲಾದರೆ ನಿಷೇಧ. ಕುಲ ಬದಲಾದ್ದರಿಂದ ಇನ್ನೊಂದು ಸಣ್ಣ ಬದಲಾವಣೆಯೂ ಆಯಿತು. ಈಗ ಪೂರ್ತಿ ಹೆಸರು ಬರೆಯುವುದು ಹೀಗೆ: ಅವಿಕುಲೇರಿಯಾ ಅವಿಕುಲೇರಿಯಾ (ಲಿನೇಯಸ್, 1758). ಆ ಕಂಸ ಸುಮ್ನೆ ಹಾಕಿದ್ದಲ್ಲ. ಮೊದಲು ಹೆಸರಿಟ್ಟವರು ಈ ಪ್ರಭೇದವನ್ನು ಬೇರೆ ಕುಲದಲ್ಲಿ ಇಟ್ಟಿದ್ದರು, ಆಮೇಲೆ ಸ್ಥಳ ಬದಲಾಗಿದೆ ಎಂದು ಅದು ಹೇಳುತ್ತದೆ. ಪಟ್ಟಿ ಓದುವಾಗ ನಾನು ಮೊದಲು ನೋಡುವುದೇ ಕಂಸವನ್ನು. ಅದು ಇದ್ದರೆ ಹಿಂದೆ ಒಂದು ಕಥೆ ಇದೆ ಅಂತ ಅರ್ಥ.

ಕುಲ ತುಂಬಿದ ಬಗೆ

ಒಂದು ಪ್ರಭೇದ ಎಂದರೆ ಏನು ಎಂದು ತೀರ್ಮಾನಿಸುವುದು ವಿವರಣೆಯ ಮಾತುಗಳಲ್ಲ. ಮಾದರಿ ಜೇಡ, ಅಂದರೆ ಹೆಸರಿಡುವಾಗ ಕೈಯಲ್ಲಿದ್ದ, ಸ್ಪಿರಿಟ್ಟಿನ ಶೀಶೆಯಲ್ಲಿ ಇಟ್ಟ ಆ ಒಂದು ಜೇಡ. ಅನುಮಾನ ಬಂದಾಗ ಎಲ್ಲರೂ ಆ ಶೀಶೆಗೇ ಹೋಗಬೇಕು. ಶೀಶೆ ಕಳೆದರೆ, ಅಥವಾ ಒಳಗಿರುವುದು ಮರಿಯಾಗಿದ್ದರೆ, ಹೆಸರು ನೆಲೆ ಇಲ್ಲದೆ ತೇಲುತ್ತದೆ.

19ನೇ ಶತಮಾನದಲ್ಲಿ ಜರ್ಮನಿಯ ಕಾರ್ಲ್ ಲುಡ್ವಿಗ್ ಕೋಖ್, ಆಸ್ಟ್ರಿಯಾದ ಆಂಟನ್ ಆಸರರ್, ಫ್ರಾನ್ಸಿನ ಯೂಜೀನ್ ಸಿಮೋನ್, ಆಮೇಲೆ ಇಂಗ್ಲೆಂಡಿನ ಪೊಕಾಕ್, ಬ್ರೆಜಿಲ್ಲಿನ ಮೆಲ್ಲೊ ಲೈತಾವ್ ಹೀಗೆ ಒಬ್ಬರಾದ ಮೇಲೆ ಒಬ್ಬರು ಹೊಸ ಹೊಸ ಹೆಸರು ಕೊಡುತ್ತ ಹೋದರು. ಹಡಗಿನಲ್ಲಿ ಜೇಡ ಬರುತ್ತಿತ್ತು, ಚೀಟಿಯಲ್ಲಿ ‘ಬ್ರೆಜಿಲ್’ ಎಂದೋ ‘ದಕ್ಷಿಣ ಅಮೆರಿಕ’ ಎಂದೋ ಬರೆದಿರುತ್ತಿತ್ತು. ಕಾಲಿನ ಅಡಿಯಲ್ಲಿ ಅಗಲವಾದ ರೋಮದ ಮೆತ್ತೆ ಇದೆಯಾ, ಮರದ ಮೇಲಿನ ಜೇಡವಾ? ಹಾಗಾದರೆ ಅವಿಕುಲೇರಿಯಾ. ಬಣ್ಣ ಸ್ವಲ್ಪ ಬೇರೆಯಾ? ಹಾಗಾದರೆ ಹೊಸ ಪ್ರಭೇದ. ಎಲ್ಲಿಡಬೇಕೆಂದು ಗೊತ್ತಾಗದ ವಸ್ತುಗಳನ್ನೆಲ್ಲ ತಂದು ಸುರಿಯುವ ಹಳೇ ಸಾಮಾನಿನ ಕೋಣೆಯಂತಾಯಿತು ಈ ಕುಲ.

ಬಣ್ಣ ನೋಡಿ ಹೆಸರಿಟ್ಟರೆ ಏನಾಗುತ್ತದೆ? ಮೊದಲು ಹೇಳಿದ ತಿರುಗುಮುರುಗನ್ನು ಇಲ್ಲಿ ನೆನಪಿಸಿಕೊಳ್ಳಿ. ಗುಲಾಬಿ ಕಾಲಿನ, ಕಪ್ಪು ತುದಿಯ ಮರಿಯೂ ಕಪ್ಪು ಕಾಲಿನ, ಗುಲಾಬಿ ತುದಿಯ ತಾಯಿಯೂ ಬೇರೆ ಬೇರೆ ಶೀಶೆಯಲ್ಲಿ ಬೇರೆ ಬೇರೆ ಸಂಗ್ರಹಾಲಯ ಸೇರಿದರೆ, ಅವೆರಡೂ ಒಂದೇ ಎಂದು ಯಾರೂ ಊಹಿಸುವುದಿಲ್ಲ. ಅದರ ಮೇಲೆ ಸ್ಪಿರಿಟ್ಟಿನಲ್ಲಿ ಹತ್ತಾರು ವರ್ಷ ನೆನೆದ ಜೇಡ ಬಣ್ಣ ಕಳೆದುಕೊಂಡು ಎಲ್ಲವೂ ಒಂದೇ ಥರ ಕಂದು ಬಣ್ಣಕ್ಕೆ ತಿರುಗುತ್ತದೆ. ಗಂಡು ಹೆಣ್ಣಿನ ವ್ಯತ್ಯಾಸ ಬೇರೆ. ಗಂಡು ಪ್ರೌಢವಾದ ಮೇಲೆ ತೆಳ್ಳಗೆ, ಉದ್ದ ಕಾಲಿನದಾಗಿ, ಬೇರೆಯದೇ ಜೇಡ ಅನ್ನಿಸುವಂತಾಗುತ್ತದೆ. ಎಷ್ಟೋ ಪ್ರಭೇದಗಳ ಗಂಡೋ ಹೆಣ್ಣೋ ಒಂದನ್ನಷ್ಟೇ ನೋಡಿ ಹೆಸರಿಟ್ಟಿದ್ದರು.

ಗುರುತು ಎಲ್ಲಿದೆ?

ಟರಾಂಟುಲಾಗಳನ್ನು ಬೇರೆ ಮಾಡುವುದು ಕಷ್ಟ. ಕೋಟ್ಯಂತರ ವರ್ಷಗಳಿಂದ ಅವುಗಳ ಮೈಕಟ್ಟು ಜಾಸ್ತಿ ಬದಲಾಗಿಲ್ಲ. ಹೊರಗಿನಿಂದ ನೋಡಿದರೆ ಎಲ್ಲವೂ ಎಂಟು ಕಾಲು, ರೋಮ, ಎರಡು ದಪ್ಪ ದವಡೆ. ನಂಬಬಹುದಾದ ಗುರುತುಗಳು ಕೆಲವೇ ಇವೆ, ಅವೂ ಸಣ್ಣವು.

ಮೊದಲನೆಯದು ಹೆಣ್ಣಿನ ಸ್ಪರ್ಮಥೀಕಾ. ಗಂಡು ಕೊಟ್ಟ ವೀರ್ಯವನ್ನು ಹೆಣ್ಣು ಕೂಡಿಟ್ಟುಕೊಳ್ಳುವ ಪುಟ್ಟ ಚೀಲ ಅದು. ಇದನ್ನು ನೋಡಲು ಜೇಡವನ್ನು ಕೊಲ್ಲಲೇಬೇಕೆಂದಿಲ್ಲ. ಹೆಣ್ಣು ಟರಾಂಟುಲಾ ದೊಡ್ಡದಾದ ಮೇಲೂ ಪೊರೆ ಕಳಚುತ್ತಲೇ ಇರುತ್ತದೆ, ಕಳಚಿದ ಪೊರೆಯ ಜೊತೆ ಈ ಚೀಲದ ಒಳಪದರವೂ ಹೊರಬರುತ್ತದೆ. ಪೊರೆ ಒಣಗಿ ಮುದುಡಿಕೊಂಡಿರುತ್ತದೆ. ನೀರಿಗೆ ಒಂದು ಹನಿ ಸೋಪು ಹಾಕಿ ಅದರಲ್ಲಿ ನೆನೆಸಿದರೆ ಮೆತ್ತಗಾಗುತ್ತದೆ. ಆಮೇಲೆ ಎರಡು ಚಿಮಟದಿಂದ ಹೊಟ್ಟೆಯ ಭಾಗವನ್ನು ನಿಧಾನವಾಗಿ ಬಿಡಿಸಿ, ಒಳಮೈ ಮೇಲೆ ಬರುವಂತೆ ಹರಡಬೇಕು. ನಾಲ್ಕು ಬಿಳಿ ಚೌಕ ಕಾಣುತ್ತವೆ. ಅವು ಪುಸ್ತಕದ ಹಾಳೆಯಂಥ ಶ್ವಾಸಕೋಶಗಳ ಗುರುತು. ಮುಂದಿನ ಎರಡು ಚೌಕಗಳ ನಡುವೆ, ಸೀಳಿನ ಅಂಚಿನಲ್ಲಿ, ಕೂದಲೆಳೆಗಿಂತ ಸ್ವಲ್ಪ ದಪ್ಪನೆಯ ಎರಡು ಕವಲು ನಿಂತಿರುತ್ತವೆ. ಮರಿಯಲ್ಲಿ ಇವು ಬಲಿತಿರುವುದಿಲ್ಲ, ಗಂಡಿನಲ್ಲಿ ಇರುವುದೇ ಇಲ್ಲ. ಮರಿಯನ್ನು ಮಾದರಿ ಮಾಡಿ ಹೆಸರಿಟ್ಟರೆ ಆ ಹೆಸರು ಯಾಕೆ ನಿಲ್ಲುವುದಿಲ್ಲ ಎಂಬುದಕ್ಕೆ ಉತ್ತರ ಇಲ್ಲೇ ಇದೆ.

ಎರಡನೆಯದು ಗಂಡಿನ ಪೆಡಿಪಾಲ್ಪ್, ಬಾಯಿಯ ಪಕ್ಕದ ಪುಟ್ಟ ಕೈ. ಕೊನೆಯ ಪೊರೆ ಕಳಚಿದಾಗ ಅದರ ತುದಿಯಲ್ಲಿ ಒಂದು ಗುಂಡನೆಯ ಬುರುಡೆ ಮೂಡುತ್ತದೆ. ಅದರ ಮೊನೆ ಸೂಜಿಯಂತೆ ಚಾಚಿರುತ್ತದೆ. ವೀರ್ಯ ತುಂಬಿಕೊಂಡು ಹೆಣ್ಣಿಗೆ ಕೊಡುವುದು ಇದರಿಂದಲೇ. ಮೊನೆ ತೆಳುವೋ ದಪ್ಪವೋ, ಅದರ ಮೇಲೆ ಏಣು ಇದೆಯೋ ಇಲ್ಲವೋ ಎಂಬುದು ಪ್ರಭೇದದಿಂದ ಪ್ರಭೇದಕ್ಕೆ ಬೇರೆಯಾಗುತ್ತದೆ.

ಮೂರನೆಯದು ಹೊಟ್ಟೆಯ ಮೇಲಿನ ತುರಿಕೆ ರೋಮ. ಇದು ಅಮೆರಿಕ ಖಂಡಗಳ ಟರಾಂಟುಲಾಗಳಲ್ಲಿ ಮಾತ್ರ ಇದೆ. ಏಷ್ಯಾ, ಆಫ್ರಿಕಾದವುಗಳಲ್ಲಿ ಇಲ್ಲ. ರೋಮದ ಆಕಾರ ನೋಡಿ ಅದಕ್ಕೆ ನಂಬರು ಕೊಟ್ಟಿದ್ದಾರೆ. ಅವಿಕುಲೇರಿಯಾ ಮತ್ತು ಅದರ ನಂಟರಲ್ಲಿರುವುದು ಎರಡನೇ ಬಗೆಯದ್ದು. ನೆಲದ ಮೇಲಿನ ಹಲವು ಟರಾಂಟುಲಾಗಳು ಹಿಂಗಾಲಿನಿಂದ ರೋಮವನ್ನು ಉಜ್ಜಿ ಗಾಳಿಗೆ ತೂರುತ್ತವೆ. ಅವಿಕುಲೇರಿಯಾ ಹಾಗೆ ಮಾಡುವುದಿಲ್ಲ. ಹೊಟ್ಟೆಯನ್ನು ಶತ್ರುವಿಗೇ ಒತ್ತಿ ಚುಚ್ಚಿಸುತ್ತದೆ. ಇದಕ್ಕಿಂತ ಮೊದಲು ಅದರ ಇಷ್ಟದ ಆಯುಧ ಬೇರೆಯೇ ಇದೆ: ಹಿಂದಕ್ಕೆ ತಿರುಗಿ ಗುರಿಯಿಟ್ಟು ಹಿಕ್ಕೆ ಹಾರಿಸುವುದು.

2017ರ ಪರಿಶೀಲನೆ

ಬ್ರೆಜಿಲ್ಲಿನ ಕ್ಯಾರೊಲಿನ್ ಫುಕುಶಿಮಾ ಮತ್ತು ರೊಜೆರಿಯೊ ಬೆರ್ತಾನಿ ಈ ಕುಲವನ್ನು ಬುಡದಿಂದ ನೋಡಿದರು. ಬೆರ್ತಾನಿ ಸಾವೊ ಪಾವ್ಲೊ ನಗರದ ಬುತಾಂತಾನ್ ಸಂಸ್ಥೆಯವರು. ಹಲವು ದೇಶಗಳ ಸಂಗ್ರಹಾಲಯಗಳಲ್ಲಿದ್ದ ಹಳೇ ಶೀಶೆಗಳನ್ನು ತೆಗೆಸಿ, ಸಿಕ್ಕಷ್ಟು ಮೂಲ ಮಾದರಿಗಳನ್ನು ಪರೀಕ್ಷಿಸಿದರು. ಯಾವ ಲಕ್ಷಣ ಯಾವ ಜೇಡದಲ್ಲಿದೆ ಎಂದು ಕೋಷ್ಟಕ ಮಾಡಿ, ಯಾವುದು ಯಾವುದಕ್ಕೆ ಹತ್ತಿರದ ನೆಂಟ ಎಂಬ ವಂಶವೃಕ್ಷ ಕಟ್ಟಿದರು. 2017ರಲ್ಲಿ ಝೂಕೀಸ್ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಒಂದೇ ಲೇಖನ, 185 ಪುಟ.

ಅವರು ಮೊದಲು ಮಾಡಿದ್ದು ಅವಿಕುಲೇರಿಯಾ ಎಂದರೆ ಏನು ಎಂದು ಬಿಗಿಯಾಗಿ ಹೇಳಿದ್ದು. ಹೆಣ್ಣಿನ ಸ್ಪರ್ಮಥೀಕಾ ನಡುವಿನಲ್ಲಿ ಹೊರಕ್ಕೆ ಚೆನ್ನಾಗಿ ಬಾಗಿರಬೇಕು. ಗಂಡಿನ ಪೆಡಿಪಾಲ್ಪಿನ ತುದಿಯಲ್ಲಿ, ಬುರುಡೆ ಕೂರುವ ಗೆಣ್ಣಿನ ಮೇಲೆ, ಎದ್ದು ಕಾಣುವ ಒಂದು ಉಬ್ಬು ಇರಬೇಕು. ಬಣ್ಣದ ಮಾತೇ ಇಲ್ಲ. ಹಕ್ಕಿಯ ಮಾತಂತೂ ಮೊದಲೇ ಇಲ್ಲ. ಈ ಎರಡು ಗುರುತನ್ನು ಹಿಡಿದು ಒಂದೊಂದೇ ಹೆಸರನ್ನು ಪರೀಕ್ಷೆಗೆ ನಿಲ್ಲಿಸಿದಾಗ ಕುಲ ಕರಗತೊಡಗಿತು.

ಕೆಲವು ಹೆಸರು ಒಂದೇ ಜೇಡದ ಎರಡನೇ ಹೆಸರೆಂದು ಗೊತ್ತಾಯಿತು. 1994ರಲ್ಲಿ ಪೆರುವಿನಿಂದ ಅವಿಕುಲೇರಿಯಾ ಉರ್ಟಿಕಾನ್ಸ್ ಎಂದು ಹೆಸರು ಪಡೆದದ್ದು, ಮೆಲ್ಲೊ ಲೈತಾವ್ 1923ರಲ್ಲೇ ಹೆಸರಿಟ್ಟಿದ್ದ ಅವಿಕುಲೇರಿಯಾ ಜುರುಯೆನ್ಸಿಸ್ ಆಗಿತ್ತು. ಹಳೆಯದಕ್ಕೆ ಹಕ್ಕು, ಹೊಸದು ಅದರಲ್ಲಿ ಸೇರಿಹೋಯಿತು. ಇನ್ನೊಂದು ಕಡೆ, ಉಪಪ್ರಭೇದವಾಗಿ ಮೂಲೆಯಲ್ಲಿದ್ದ ವೇರಿಯೆಗಾಟಾ ಸ್ವತಂತ್ರ ಪ್ರಭೇದವಾಗಿ ಮೇಲೆ ಬಂತು. ಹೊಸದಾಗಿ ಸೇರಿದ ಮೂರರಲ್ಲಿ ಒಂದಕ್ಕೆ ಅವಿಕುಲೇರಿಯಾ ಮೇರಿಯಾನೆ ಎಂದು ಹೆಸರಿಟ್ಟರು, 18ನೇ ಪಟ ಬರೆದ ಚಿತ್ರಗಾರ್ತಿಯ ಗೌರವಕ್ಕೆ. ಅದು ಪೆರುವಿನ ಜೇಡ. ಮೇರಿಯನ್ ಅದನ್ನು ನೋಡಿರುವ ಸಾಧ್ಯತೆ ಇಲ್ಲ. ಆದರೂ ಸುಳ್ಳುಗಾತಿ ಎನ್ನಿಸಿಕೊಂಡವರ ಹೆಸರು ಕೊನೆಗೆ ಅದೇ ಕುಲದೊಳಗೆ ಬಂತು ಎಂಬುದು ನನಗೆ ಇಷ್ಟವಾದ ಸಂಗತಿ.

ಮತ್ತೆ ಕೆಲವು ಪ್ರಭೇದ ನಿಜವಾಗಿಯೂ ಇದ್ದವು, ಆದರೆ ಕುಲ ತಪ್ಪಿತ್ತು. ಅವಕ್ಕಾಗಿ ಮೂರು ಹೊಸ ಕುಲ ಹುಟ್ಟಿದವು. ಬ್ರೆಜಿಲ್ಲಿನ ಅಟ್ಲಾಂಟಿಕ್ ಕರಾವಳಿಯ ಕಾಡಿನವು ಇಬಿರಾಪೊರಾ ಆದವು. ಟುಪಿ ಭಾಷೆಯಲ್ಲಿ ಮರವಾಸಿ ಎಂದರ್ಥ. ಡೊಮಿನಿಕನ್ ಗಣರಾಜ್ಯದಿಂದ 2013ರಲ್ಲಷ್ಟೇ ಹೆಸರು ಪಡೆದಿದ್ದ ಒಂದು ಜೇಡ ಆಂಟಿಲೆನಾ ಆಯಿತು. ಮೂರನೆಯದು ಕ್ಯಾರಿಬೆನಾ. ಇದರ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು.

ಮಾರ್ಟಿನಿಕ್ ದ್ವೀಪದ ಜೇಡ

ಕ್ಯಾರಿಬಿಯನ್ ಸಮುದ್ರದ ಮಾರ್ಟಿನಿಕ್ ದ್ವೀಪದಲ್ಲಿ ಒಂದು ಮರದ ಟರಾಂಟುಲಾ ಇದೆ. ಮರಿ ಅಚ್ಚ ನೀಲಿ. ಪೊರೆ ಕಳಚುತ್ತ ಕಳಚುತ್ತ ನೀಲಿ ಮಾಸಿ, ದೊಡ್ಡದಾದಾಗ ಬೆನ್ನಿನ ಕವಚ ಹಸಿರು ಮಿಂಚು, ಹೊಟ್ಟೆ ಕೆಂಪು. 1837ರಲ್ಲಿ ವಾಲ್ಕೆನೇರ್ ಇದನ್ನು ಮೈಗೇಲ್ ವರ್ಸಿಕಲರ್ ಎಂದು ಕರೆದರು. ಮೈಗೇಲ್ ಬಿದ್ದುಹೋದ ಮೇಲೆ ಅವಿಕುಲೇರಿಯಾ ವರ್ಸಿಕಲರ್ ಆಯಿತು, ಆ ಹೆಸರಿನಲ್ಲೇ ಜಗತ್ತಿನ ಎಲ್ಲ ಕಡೆ ಸಾಕುವವರಿಗೆ ಪರಿಚಯವಾಯಿತು.

ಇದು ಬೇರೆ ಥರದ ಜೇಡ ಎಂಬ ಸುಳಿವು 2003ರಲ್ಲೇ ಸಿಕ್ಕಿತ್ತು. ಬೆರ್ತಾನಿ ಮತ್ತು ಜೊತೆಗಾರರು ಇದರ ತುರಿಕೆ ರೋಮದ ಬಗ್ಗೆ ಬರೆದರು. ಎರಡನೇ ಬಗೆಯ ರೋಮವನ್ನು ಒತ್ತಿ ಚುಚ್ಚುವುದಷ್ಟೇ ಪದ್ಧತಿ ಎಂದುಕೊಂಡಿದ್ದ ಕಡೆ, ಮಾರ್ಟಿನಿಕ್ಕಿನ ಈ ಜೇಡ ಅದನ್ನು ಕಾಲಿನಿಂದ ಉಜ್ಜಿ ಗಾಳಿಗೂ ಬಿಡುತ್ತಿತ್ತು. 2017ರಲ್ಲಿ ರೋಮವನ್ನು ಮೈಕ್ರೋಸ್ಕೋಪಿನಡಿ ಇಟ್ಟು ಹೋಲಿಸಿದಾಗ ಇದರದ್ದು ನೆಂಟರದ್ದಕ್ಕಿಂತ ಉದ್ದ, ತೆಳು. ಪೋರ್ಟೊರಿಕೊ ಕಡೆಯ ಲೀಟಾ ಎಂಬ ಪ್ರಭೇದದಲ್ಲೂ ಹಾಗೇ. ಎರಡನ್ನೂ ಸೇರಿಸಿ ಕ್ಯಾರಿಬೆನಾ ಎಂಬ ಕುಲ ಮಾಡಿದರು. ಈಗ ಅದು ಕ್ಯಾರಿಬೆನಾ ವರ್ಸಿಕಲರ್ (ವಾಲ್ಕೆನೇರ್, 1837).

ಈ ತೀರ್ಮಾನದಲ್ಲಿ ನನಗೆ ಗಟ್ಟಿ ಅನ್ನಿಸುವುದು ಇದು: ಜೇಡ ಎಲ್ಲಿ ಸಿಕ್ಕಿತು ಎಂಬುದನ್ನು ಲಕ್ಷಣ ಎಂದು ಲೆಕ್ಕಕ್ಕೆ ಹಿಡಿದಿರಲಿಲ್ಲ. ರೋಮ, ಸ್ಪರ್ಮಥೀಕಾ, ಪೆಡಿಪಾಲ್ಪ್ ನೋಡಿಯೇ ಗುಂಪು ಮಾಡಿದ್ದು. ಮಾಡಿದ ಮೇಲೆ ನಕ್ಷೆ ತೆರೆದರೆ ದ್ವೀಪದವು ಒಂದು ಕಡೆ, ಅಟ್ಲಾಂಟಿಕ್ ಕಾಡಿನವು ಒಂದು ಕಡೆ, ಅಮೆಜಾನ್ ಸುತ್ತಮುತ್ತಲಿನವು ಒಂದು ಕಡೆ ನಿಂತಿದ್ದವು. ಕೇಳದೆ ಸಿಕ್ಕ ಸಾಕ್ಷಿಗೆ ಬೆಲೆ ಜಾಸ್ತಿ.

ನಿಲ್ಲದ ಹೆಸರುಗಳು

ಉಳಿದ ಒಂದು ರಾಶಿ ಹೆಸರುಗಳನ್ನು ಏನೂ ಮಾಡಲಾಗಲಿಲ್ಲ. ಮಾದರಿ ಕಳೆದಿದೆ, ಅಥವಾ ಮರಿ, ಅಥವಾ ತುಂಡಾಗಿದೆ. ವಿವರಣೆ ಓದಿದರೆ ಯಾವುದಕ್ಕೆ ಬೇಕಾದರೂ ಹೊಂದುತ್ತದೆ. ಇಂಥವನ್ನು ಸಂದೇಹದ ಹೆಸರು ಎಂದು ಗುರುತು ಹಾಕಿ ಪಕ್ಕಕ್ಕಿಡುವುದು ನಿಯಮ. ಹೆಸರು ಅಳಿಸಿಹೋಗುವುದಿಲ್ಲ, ಆದರೆ ಅದನ್ನು ಯಾವ ಜೇಡಕ್ಕೂ ಧೈರ್ಯವಾಗಿ ಅಂಟಿಸುವಂತಿಲ್ಲ.

ಸಾಕುವವರಲ್ಲಿ ಕೆಲವರಿಗೆ ಇದರಿಂದ ಸಿಟ್ಟು ಬಂತು. ವರ್ಷಗಟ್ಟಲೆ ಒಂದು ಹೆಸರಿನಲ್ಲಿ ಮಾರಿದ, ಕೊಂಡ, ಮರಿ ಮಾಡಿಸಿದ ಜೇಡಕ್ಕೆ ಈಗ ಹೆಸರೇ ಇಲ್ಲ ಎಂದರೆ ಯಾರಿಗೆ ಖುಷಿ? ಅವರ ಕಷ್ಟ ಅರ್ಥವಾಗುತ್ತದೆ. ಆದರೆ ಮಾರುವವರ ಡಬ್ಬಿಯ ಚೀಟಿ ಒಂದು ಜೇಡದ ಗುರುತಿಗೆ ಸಾಕ್ಷಿಯಾಗುವುದಿಲ್ಲ. ಎಲ್ಲಿಂದ ಬಂತೆಂದು ಗೊತ್ತಿಲ್ಲದ, ಎರಡು ಮೂರು ಪ್ರಭೇದ ಬೆರೆತಿರಬಹುದಾದ ಮರಿಗಳಿಗೆ ಹಳೇ ಹೆಸರು ಉಳಿಸಿಕೊಟ್ಟಿದ್ದರೆ ಗೊಂದಲ ಇನ್ನೊಂದು ತಲೆಮಾರಿಗೆ ದಾಟುತ್ತಿತ್ತು. ಈ ವಿಷಯದಲ್ಲಿ ನನ್ನ ಓಟು ಫುಕುಶಿಮಾ, ಬೆರ್ತಾನಿ ಅವರಿಗೇ.

ಶೀಶೆಗಳು ಎಷ್ಟು ನಾಜೂಕು ಎಂಬುದಕ್ಕೆ ಬ್ರೆಜಿಲ್ ಎರಡು ಬಾರಿ ಬೆಲೆ ತೆತ್ತಿದೆ. 2010ರ ಮೇ ತಿಂಗಳಲ್ಲಿ ಬುತಾಂತಾನ್ ಸಂಸ್ಥೆಯ ಸಂಗ್ರಹಕ್ಕೆ ಬೆಂಕಿ ಬಿದ್ದು ಸಾವಿರಾರು ಹಾವು, ಜೇಡ, ಚೇಳುಗಳ ಮಾದರಿ ಸುಟ್ಟವು. 2018ರ ಸೆಪ್ಟೆಂಬರಿನಲ್ಲಿ ರಿಯೊ ನಗರದ ರಾಷ್ಟ್ರೀಯ ಸಂಗ್ರಹಾಲಯವೇ ಉರಿದುಹೋಯಿತು. ಮೆಲ್ಲೊ ಲೈತಾವ್ ಕೆಲಸ ಮಾಡುತ್ತಿದ್ದ ಜಾಗ ಅದು. ಪರಿಶೀಲನೆ ಪ್ರಕಟವಾದ ಮರುವರ್ಷವೇ ಈ ಬೆಂಕಿ. ಮಾದರಿಗಳನ್ನು ಅಳೆದು, ಫೋಟೊ ತೆಗೆದು 185 ಪುಟ ತುಂಬಿಸಿದ್ದು ಅತಿಯಾಯಿತು ಎಂದು ಯಾರಾದರೂ ಅಂದರೆ ಈ ತಾರೀಖು ತೋರಿಸಬಹುದು.

ಹೆಸರು ಬದಲಾದರೆ ಕಾಗದವೂ ಬದಲಾಗಬೇಕು

ಕುಲದ ಹೆಸರು ಬದಲಾಗುವುದು ಪಂಡಿತರ ಮನೆಯ ಮಾತು ಮಾತ್ರ ಅಲ್ಲ. ವನ್ಯಜೀವಿ ವ್ಯಾಪಾರದ ಸೈಟಿಸ್ ಒಪ್ಪಂದದ ಪಟ್ಟಿ ನಡೆಯುವುದೇ ವೈಜ್ಞಾನಿಕ ಹೆಸರಿನ ಮೇಲೆ. ಮೆಕ್ಸಿಕೊ ಕಡೆಯ ಬ್ರಾಕಿಪೆಲ್ಮಾ ಕುಲ ಪೂರ್ತಿಯಾಗಿ ಆ ಪಟ್ಟಿಯಲ್ಲಿತ್ತು. 2020ರಲ್ಲಿ ಅದರಿಂದ ಕೆಲವು ಪ್ರಭೇದಗಳನ್ನು ತೆಗೆದು ಟ್ಲಿಲ್ಟೊಕಾಟ್ಲ್ ಎಂಬ ಹೊಸ ಕುಲ ಮಾಡಿದರು. ಜೇಡಗಳು ಅವೇ, ಅಪಾಯವೂ ಅದೇ, ಹೆಸರು ಮಾತ್ರ ಪಟ್ಟಿಯಲ್ಲಿದ್ದ ಹೆಸರಲ್ಲ. ಭಾರತ, ಶ್ರೀಲಂಕಾದ ಪೊಯಿಸಿಲೊಥೀರಿಯಾ ಕುಲವೂ 2019ರಿಂದ ಇದೇ ಪಟ್ಟಿಯಲ್ಲಿದೆ. ಗಡಿಯಲ್ಲಿ ಡಬ್ಬಿ ತೆರೆದು ನೋಡುವ ಅಧಿಕಾರಿಗೆ ಹಳೇ ಹೆಸರು, ಹೊಸ ಹೆಸರು ಎರಡೂ ಗೊತ್ತಿರಬೇಕು, ಇಲ್ಲದಿದ್ದರೆ ಜೇಡ ಸುಮ್ನೆ ಕೈತಪ್ಪುತ್ತದೆ.

ಈಗ ಯಾವ ಹೆಸರು ಊರ್ಜಿತ ಎಂದು ನೋಡಲು ಸ್ವಿಟ್ಜರ್ಲೆಂಡಿನ ಬೆರ್ನ್ ನಗರದ ಪ್ರಕೃತಿ ಸಂಗ್ರಹಾಲಯ ನಡೆಸುವ ವಿಶ್ವ ಜೇಡ ಸೂಚಿ ಇದೆ. ಯಾರು, ಯಾವಾಗ, ಯಾವ ಕುಲದಿಂದ ಯಾವ ಕುಲಕ್ಕೆ ಬದಲಿಸಿದರು ಎಂಬುದೆಲ್ಲ ಅಲ್ಲಿ ಸಾಲು ಸಾಲಾಗಿ ಸಿಗುತ್ತದೆ. ಅವಿಕುಲೇರಿಯಾ ಅವಿಕುಲೇರಿಯಾದ ಸಾಲು ಎಷ್ಟು ಉದ್ದವಿದೆ ಎಂದು ಒಮ್ಮೆ ನೋಡಿ.

ಪ್ರಕರಣ ಅಲ್ಲಿಗೇ ಮುಗಿದಿಲ್ಲ. ಅವಿಕುಲೇರಿಯಾ ಅವಿಕುಲೇರಿಯಾ ಎಂದು ಒಪ್ಪಿಕೊಂಡ ಜೇಡಗಳಲ್ಲೇ ಆರು ರೂಪಗಳಿವೆ ಎಂದು ಅದೇ ಲೇಖನ ಹೇಳುತ್ತದೆ. ಬಣ್ಣ, ರೋಮ ಒಂದೊಂದರಲ್ಲಿ ಒಂದೊಂದು ಥರ. ಆದರೆ ಬೇರೆ ಪ್ರಭೇದ ಎನ್ನಲು ಬೇಕಾದ ಸ್ಪರ್ಮಥೀಕಾದ ವ್ಯತ್ಯಾಸ, ಪೆಡಿಪಾಲ್ಪಿನ ವ್ಯತ್ಯಾಸ ಕಾಣಲಿಲ್ಲ. ಹಳೇ ಕಾಲವಾಗಿದ್ದರೆ ಆರು ಹೆಸರು ಹುಟ್ಟುತ್ತಿದ್ದವು. ಇಲ್ಲಿ ನಂಬರು ಕೊಟ್ಟು ಬಿಟ್ಟಿದ್ದಾರೆ, ಅದೇ ಸರಿ ಅನ್ನಿಸುತ್ತದೆ. ಈ ಪರಿಶೀಲನೆ ನಿಂತಿರುವುದು ಮೈಕಟ್ಟಿನ ಮೇಲೆ, ಡಿಎನ್ಎ ಮೇಲಲ್ಲ. ಆರರಲ್ಲಿ ಯಾವುದಾದರೂ ನಿಜಕ್ಕೂ ಬೇರೆಯಾ ಎಂದು ಡಿಎನ್ಎ ಹೇಳಬೇಕಾದರೆ ಎಲ್ಲಿ ಹಿಡಿದದ್ದು ಎಂದು ಗೊತ್ತಿರುವ ಜೇಡ ಬೇಕು. ಅಂಗಡಿಯಿಂದ ಬಂದದ್ದು ನಡೆಯುವುದಿಲ್ಲ. ಸಂದೇಹದ ಪಟ್ಟಿಯಲ್ಲಿರುವ ಹೆಸರುಗಳಿಗೂ ಇದೇ ಮಾತು. ಅವುಗಳಿಗೆ ಹೊಸ ಮಾದರಿ ಆರಿಸಬೇಕಾದರೆ ಮೊದಲ ಜೇಡ ಸಿಕ್ಕ ಕಡೆಯಿಂದಲೇ, ಅಥವಾ ಅದಕ್ಕೆ ಆದಷ್ಟು ಹತ್ತಿರದಿಂದಲೇ ಆರಿಸಬೇಕು. ಚೀಟಿಯಲ್ಲಿ ‘ದಕ್ಷಿಣ ಅಮೆರಿಕ’ ಎಂದಷ್ಟೇ ಇದ್ದರೆ ಹುಡುಕುವವರು ಎಲ್ಲಿಂದ ಶುರು ಮಾಡಬೇಕು?